ಅಕ್ಕನ ಕಿವಿ, ನನ್ನ ರಿಸೀವರ್

ಹೋಂ ಥಿಯೇಟರ್ ರಿಸೀವರನ್ನು ಅಕ್ಕನ ಸಲುವಾಗಿ ತಂದೆ ಎಂದು ನಾನು ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮೂರು ಉಮದಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ಬಂದಿದ್ದೇನೆ. ಹಿಟ್ಟಿನ ಗಿರಣಿ ಇಟ್ಟುಕೊಂಡವನಿಗೆ ಇದೊಂದು ಅನುಕೂಲ. ಹಿಟ್ಟು ಆಗುವ ತನಕ ಗಿರಾಕಿಗಳು ಹೊರಗಿನ ಕಟ್ಟೆಯ ಮೇಲೆ ಕುಳಿತಿರಬೇಕು, ಕುಳಿತವರು ನಾನು ಹೇಳಿದ್ದನ್ನು ಕೇಳಬೇಕು. ಕೇಳಿದವರೆಲ್ಲ, "ಅಕ್ಕನ ಮ್ಯಾಲ ಭಾಳ ಜೀವ ನೋಡ್ರಿ ಇವರದು" ಎಂದು ಮೆಚ್ಚಿಕೊಂಡು ಚೀಲ ಹೊತ್ತು ಹೋದರು. ನಾನೂ ಬೇಡವೆನ್ನಲಿಲ್ಲ. ಆದರೆ ಆ ಮೆಚ್ಚುಗೆ ನನಗೆ ಸಲ್ಲುವಂಥದ್ದಲ್ಲ. ಯಾಕೆ ಸಲ್ಲುವುದಿಲ್ಲ ಎಂಬುದನ್ನು ನಿಮ್ಮ ಮುಂದೆ ಬರೆದುಬಿಡುತ್ತೇನೆ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವನು ನಾನು, ಬರೆಯುವ ರೂಢಿ ಕಡಿಮೆ. ಆದರೂ ಬರೆಯುವುದರಲ್ಲಿ ಒಂದು ಸುಖವಿದೆ ಎಂದು ಈಗ ತಿಳಿಯುತ್ತಿದೆ. ಓದುವವರ ಮುಖ ನೋಡಬೇಕಾಗಿಲ್ಲ.

ನನ್ನ ಅಕ್ಕನ ಹೆಸರು ಗೌರವ್ವ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಬಂದ ಮೇಲೆ ಸುಮ್ಮನೆ ಕೂಡ್ರುವ ಹೆಣ್ಣಲ್ಲ, ಗಿರಣಿಗೆ ಇಳಿದಳು. ಅಲ್ಲಿಂದ ನಮ್ಮಿಬ್ಬರ ಕೆಲಸ ಹಂಚಿಹೋಯಿತು. ನಾನು ಹೊರಗೆ ತಕ್ಕಡಿಯ ಹತ್ತಿರ, ಆಕೆ ಒಳಗೆ ಕಲ್ಲಿನ ಹತ್ತಿರ. ಬೀಸಲು ತರುವವರು ಹೆಚ್ಚಾಗಿ ಹೆಂಗಸರು, ಒಳಗೆ ಹೆಂಗಸೇ ಇದ್ದರೆ ಅವರಿಗೂ ಅನುಕೂಲ ಎಂದು ನಾನು ಹೇಳುತ್ತಿದ್ದೆ. ಒಳಗಿನ ಗದ್ದಲದಲ್ಲಿ ನನಗೆ ತಲೆ ಸಿಡಿಯುತ್ತಿತ್ತು ಎಂಬುದನ್ನು ಹೇಳುತ್ತಿರಲಿಲ್ಲ.

ಗಿರಣಿಯ ಒಳಗೆ ಮಾತು ನಡೆಯುವುದಿಲ್ಲ, ಸನ್ನೆ ನಡೆಯುತ್ತದೆ. ಹೆಬ್ಬೆರಳಿಗೆ ತೋರುಬೆರಳು ತಿಕ್ಕಿದರೆ ಹಿಟ್ಟು ಸಣ್ಣಗಿರಲಿ ಎಂದು ಅರ್ಥ. ಐದೂ ಬೆರಳು ಕೂಡಿಸಿ ಅಲುಗಿಸಿದರೆ ದಪ್ಪ. ಅಂಗೈ ಕೆಳಗೆ ಮಾಡಿ ಒತ್ತಿದರೆ ನಿಲ್ಲಿಸು. ಸನ್ನೆಗೆ ಸಿಗದ ಮಾತುಗಳನ್ನು ಅಕ್ಕ ಬಾಯಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಆಕೆಗೆ ಕನ್ನಡದ ಬಾಯಿ ಬೇರೆ, ಮರಾಠಿಯ ಬಾಯಿ ಬೇರೆ. "ಮರಾಠಿ ಮಂದಿ ಮಾತು ಮುಗಿಯೂದ್ರಾಗ ಬಾಯಿ ಮುಚ್ಚತಾರ. ನಮ್ಮ ಮಂದಿ ತೆರದ ಬಿಡತಾರ" ಎಂದು ಒಮ್ಮೆ ಹೇಳಿದಳು. ಅದನ್ನು ಕೇಳಿದ ಮೇಲೆ ನಾನು ಸುಮಾರು ದಿನ ಬಸ್ಸಿನಲ್ಲಿ ಎದುರಿಗೆ ಕುಳಿತವರ ಬಾಯಿಯನ್ನೇ ನೋಡುತ್ತ ಹೋದೆ. ಮಾತು ಖರೆ. ಬೈಸಿಕೊಂಡದ್ದೂ ಖರೆ.

ಗಿರಣಿಯ ಸನ್ನೆ ಮನೆಗೂ ಬಂತು. ಊಟಕ್ಕೆ ಕರೆಯುವುದು, ಇನ್ನೊಂದು ರೊಟ್ಟಿ ಬೇಕೇ ಎನ್ನುವುದು, ನೀರು ಬಂತು ಎನ್ನುವುದು, ಎಲ್ಲ ಕೈಯಲ್ಲೇ ಮುಗಿಯತೊಡಗಿತು. ಹಾಗಾಗಿ ಅಕ್ಕನ ಕಿವಿ ಯಾವಾಗ ಹೋಗತೊಡಗಿತು ಎಂದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಯಾರಿಗೂ ಎಂದು ಬರೆದೆ. ನನಗೆ ಗೊತ್ತಾಗಿತ್ತು. ಕಲ್ಲು ಸವೆದರೆ ಗಿರಣಿಯ ದನಿ ಬದಲಾಗುತ್ತದೆ. ಅದನ್ನು ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದವಳು ಆಕೆ. ಒಂದು ವರ್ಷ ಆ ಬದಲಾವಣೆ ಹೊರಗೆ ಕುಳಿತ ನನಗೆ ಕೇಳಿಸಿತು, ಕಲ್ಲಿನ ಪಕ್ಕದಲ್ಲೇ ನಿಂತ ಆಕೆಗೆ ಕೇಳಿಸಲಿಲ್ಲ. ಆವತ್ತು ಕಲ್ಲು ರಿಪೇರಿ ಮಾಡಿಸಿದೆ. ಕಿವಿಯ ಮಾತು ಎತ್ತಲಿಲ್ಲ.

ಆಮೇಲೆ ಟಿವಿಯ ಮುಂದೆ ಕುಳಿತಾಗ ಆಕೆ, "ಇವರ್ಯಾಕ ಬಾಯೊಳಗ ಮಾತಾಡತಾರ?" ಎಂದು ಕೇಳತೊಡಗಿದಳು. ನಾನು ಟಿವಿಯ ಮೇಲೆ ತಪ್ಪು ಹೊರಿಸಿದೆ. ಈಗಿನ ಟಿವಿ ರೊಟ್ಟಿಯಷ್ಟು ತೆಳ್ಳಗೆ, ಅದರ ಬಾಯಿ ಬೆನ್ನ ಕಡೆ ಇರುತ್ತದೆ, ಗೋಡೆಯ ಜೊತೆ ಮಾತಾಡಿದ ಹಾಗೆ ಎಂದು ವಿವರಿಸಿದೆ. ಅದು ಸುಳ್ಳಲ್ಲ. ಸುಳ್ಳಲ್ಲದ ಮಾತು ಸಿಕ್ಕಾಗ ನನ್ನಂಥವನಿಗೆ ಭಾಳ ಧೈರ್ಯ ಬರುತ್ತದೆ.

ಹೀಗೆ, ಟಿವಿಯ ದನಿಯನ್ನು ದೊಡ್ಡ ಸ್ಪೀಕರುಗಳಿಗೆ ಹಂಚುವ ರಿಸೀವರ್ ಆರಿಸುವ ಕೆಲಸ ಸುರುವಾಯಿತು. ಮದುವೆಗಳಿಗೆ ಮಂಟಪ ಮತ್ತು ಸೌಂಡ್ ಬಾಕ್ಸ್ ಬಾಡಿಗೆಗೆ ಕೊಡುವ ನಮ್ಮೂರಿನ ದಸ್ತಗೀರನನ್ನು ಕಟ್ಟಿಕೊಂಡು ವಿಜಯಪುರಕ್ಕೆ ಹೋದೆ. ಅಂಗಡಿಯವರು ಫೈವ್ ಪಾಯಿಂಟ್ ಒನ್, ಸೆವೆನ್ ಪಾಯಿಂಟ್ ಒನ್ ಎಂದು ಸುರು ಮಾಡಿದರು. ದಶಾಂಶ ಲೆಕ್ಕ ನಾನು ಸಾಲೆಯಲ್ಲಿ ಕಲಿತಿದ್ದೆ. ಆದರೆ ಅಲ್ಲಿ ಬಿಂದುವಿನ ಮುಂದಿನ ಅಂಕಿ ಯಾವಾಗಲೂ ಸಣ್ಣದು. ಇಲ್ಲಿ ನೋಡಿದರೆ ಬಿಂದುವಿನ ಮುಂದಿನ ಒಂದು ಎಂದರೆ ನೆಲದ ಮೇಲಿಡುವ ಎಲ್ಲಕ್ಕಿಂತ ದೊಡ್ಡ ಡಬ್ಬಿ, ಧಂ ಧಂ ಎನ್ನುವುದು. ವ್ಯಾಟಿನ ವಿಷಯವೂ ಅಷ್ಟೆ. ನನಗೆ ಮೋಟರಿನ ಹಾರ್ಸ್ ಪವರ್ ತಿಳಿಯುತ್ತದೆ. ಅವರು ಹೇಳಿದ ವ್ಯಾಟುಗಳನ್ನೆಲ್ಲ ಕೂಡಿಸಿ ನೋಡಿದರೆ ಅದರಿಂದ ನಮ್ಮ ಗಿರಣಿಯನ್ನೇ ನಡೆಸಬಹುದಿತ್ತು. ದಸ್ತಗೀರ ಕಿವಿಯಲ್ಲಿ, "ಅಣ್ಣಾರ, ಕಾಗದದ ಮ್ಯಾಲಿನ ವ್ಯಾಟ್ ನಂಬಬ್ಯಾಡ್ರಿ. ಎತ್ತಿ ನೋಡ್ರಿ. ವಜ್ಜ ಇದ್ದದ್ದ ಖರೆ ಮಾಲು" ಎಂದ. ತಕ್ಕಡಿಯವನಿಗೆ ಒಪ್ಪುವ ಮಾತು. ನಾನು ಸಾಲಾಗಿಟ್ಟ ರಿಸೀವರುಗಳನ್ನು ಜೋಳದ ಚೀಲ ಎತ್ತಿದಂತೆ ಒಂದೊಂದಾಗಿ ಎತ್ತಿ ಇಳಿಸಿದೆ. ಅಂಗಡಿಯವನು ಪ್ರತಿಸಲವೂ ಕೈ ಮುಂದೆ ಚಾಚಿ ನಿಂತ.

ದನಿ ಕೇಳಿಸಿ ಎಂದರೆ ಪ್ರತಿ ಅಂಗಡಿಯಲ್ಲೂ ಹೆಲಿಕಾಪ್ಟರ್ ಹಾರಿತು, ಕಾರು ಸಿಡಿಯಿತು. "ಮನಷ್ಯಾರು ಮಾತಾಡೂದು ಹಚ್ರಿ" ಎಂದೆ. ಅಂಗಡಿಯವನು ಮುಖ ನೋಡಿದ. "ಮಾತು ಕೇಳಾಕ ಇಷ್ಟ ದೊಡ್ಡದ್ಯಾಕ್ರಿ?" ಎಂದ. ಆತ ಸಹಜವಾಗಿ ಕೇಳಿದ ಪ್ರಶ್ನೆ. ನಾನು ಎಲ್ಲಕ್ಕಿಂತ ಭಾರದ್ದನ್ನು ತಂದೆ.

ಜೋಡಿಸುವುದಕ್ಕೆ ಒಂದು ಇಡೀ ರವಿವಾರ ಹೋಯಿತು. ಕೆಂಪು ವೈರು ಕೆಂಪಿಗೆ, ಕರಿ ವೈರು ಕರಿಗೆ. ಎಲ್ಲೋ ಒಂದು ಕಡೆ ನಾನು ಅದಲುಬದಲು ಮಾಡಿದ್ದೆ, ದಸ್ತಗೀರ ಹುಡುಕಿ ಸರಿಮಾಡಿದ. ಟಿವಿಯ ಎಡಕ್ಕೊಂದು, ಬಲಕ್ಕೊಂದು, ಕೆಳಗೆ ನಡುವಿನ ಸ್ಪೀಕರು. ಸಿನೆಮಾದಲ್ಲಿ ಮಾತೆಲ್ಲ ಅದರಿಂದಲೇ ಬರುತ್ತದಂತೆ. ಹಿಂದೆ ಎರಡು ಸ್ಪೀಕರು, ಒಂದು ಕಿಟಕಿಯ ಮೇಲೆ, ಇನ್ನೊಂದು ಅಡಿಗೆ ಮನೆಯ ಬಾಗಿಲ ಪಕ್ಕದಲ್ಲಿ. ಕೊನೆಗೆ ರಿಸೀವರಿನ ಜೊತೆ ಬಂದ ಸಣ್ಣ ಮೈಕು. ಕೇಳುವವರು ಕೂಡ್ರುವ ಜಾಗದಲ್ಲಿ, ಅವರ ಕಿವಿಯ ಎತ್ತರಕ್ಕೆ ಅದನ್ನಿಡಬೇಕು. ಆಗ ಸ್ಪೀಕರುಗಳು ಒಂದೊಂದಾಗಿ ಸಿಳ್ಳೆ ಹಾಕಿದ ಹಾಗೆ ಕೂಗುತ್ತವೆ, ಮೈಕು ಕೇಳಿಸಿಕೊಳ್ಳುತ್ತದೆ, ಯಾವುದು ಎಷ್ಟು ದೂರ, ಯಾವುದು ಎಷ್ಟು ಜೋರಿರಬೇಕು ಎಂದು ರಿಸೀವರ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಕುರ್ಚಿಯ ಮೇಲೆ ಕಾಳು ಅಳೆಯುವ ಸೇರನ್ನು ಬೋರಲು ಹಾಕಿ ಅದರ ಮೇಲೆ ಮೈಕು ಇಟ್ಟೆವು. ಯಾರ ಕುರ್ಚಿ ಎಂದು ಕೇಳಬೇಡಿ. ನನ್ನದು. ಅಕ್ಕ ಯಾವಾಗಲೂ ಕೂಡ್ರುವುದು ಅಡಿಗೆ ಮನೆಯ ಬಾಗಿಲಲ್ಲಿ, ಒಂದು ಕಣ್ಣು ಒಲೆಯ ಕಡೆ ಇಟ್ಟುಕೊಂಡು.

"ಈಗ ಯಾರೂ ಸಪ್ಪಳ ಮಾಡಬ್ಯಾಡ್ರಿ" ಎಂದು ದಸ್ತಗೀರ ಬಟನ್ ಒತ್ತಿದ. ನನ್ನ ಹೆಂಡತಿ ಮಹಾದೇವಿ ಮಿಕ್ಸರ್ ನಿಲ್ಲಿಸಿದಳು, ಫ್ಯಾನ್ ಬಂದ್ ಮಾಡಿದಳು. ಆದರೂ ರಿಸೀವರ್, ಕೋಣೆಯಲ್ಲಿ ಗದ್ದಲ ಹೆಚ್ಚಾಗಿದೆ ಎಂದು ಪರದೆಯ ಮೇಲೆ ತೋರಿಸಿ ನಿಂತುಬಿಟ್ಟಿತು. ಇನ್ನೊಮ್ಮೆ ಒತ್ತಿದರೂ ಅದೇ. ಗದ್ದಲ ಎಲ್ಲಿಯದು ಎಂದು ನೋಡಿದರೆ, ಅಕ್ಕ ಬಾಗಿಲಲ್ಲಿ ಕುಳಿತು ಮೊರದಲ್ಲಿ ಜೋಳ ಕೇರುತ್ತಿದ್ದಾಳೆ. "ಅಕ್ಕಾರ, ಒಂದೀಟು ತಡೀರಿ" ಎಂದ ದಸ್ತಗೀರ. ಆಕೆ ಕೇರುತ್ತಲೇ ಇದ್ದಳು. "ಅಕ್ಕಾರ" ಎಂದು ಇನ್ನೂ ಗಟ್ಟಿಯಾಗಿ ಕರೆದ. ಮಹಾದೇವಿ ಎದುರಿಗೆ ಹೋಗಿ ಅಂಗೈ ಕೆಳಗೆ ಮಾಡಿ ಒತ್ತಿದಳು. ಅಕ್ಕ ತಟ್ಟನೆ ಮೊರ ಇಳಿಸಿ, ಅದರಲ್ಲೇ ಕಲ್ಲು ಆರಿಸುತ್ತ ಕುಳಿತಳು.

ಈಗ ಕೆಲಸ ಸುರುವಾಯಿತು. ಎಡಗಡೆಯದು ಕೂಗಿತು, ನಡುವಿನದು ಕೂಗಿತು, ಬಲಗಡೆಯದು ಕೂಗಿತು. ಆಮೇಲೆ ಅಕ್ಕನ ತಲೆಯ ಹಿಂದೆಯೇ ಇದ್ದ ಸ್ಪೀಕರು ಚೀರಿತು. ಮಹಾದೇವಿ ಕಿವಿ ಮುಚ್ಚಿಕೊಂಡಳು. ಕಿಟಕಿಯಲ್ಲಿದ್ದ ಗುಬ್ಬಿ ಹಾರಿಹೋಯಿತು. ಅಕ್ಕ ತಲೆ ಎತ್ತಲಿಲ್ಲ. ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು, ಇನ್ನೊಂದು ಹುಡುಕಿದಳು.

ದಸ್ತಗೀರ ನನ್ನ ಕಡೆ ನೋಡಿದ. ನಾನು ಪರದೆಯ ಕಡೆ ನೋಡಿದೆ. ಎಲ್ಲ ಸ್ಪೀಕರುಗಳ ದೂರ ಮೀಟರಿನಲ್ಲಿ ಬಂದಿತ್ತು, ಎಲ್ಲ ಸರಿಯಾಗಿದೆ ಎಂದು ರಿಸೀವರ್ ತಿಳಿಸಿತು. ದಸ್ತಗೀರ ವೈರು ಸುತ್ತುತ್ತ, "ಅಣ್ಣಾರ, ನೀವು ಇದನ್ನ ತರೂಕಿಂತ ಮೊದಲ ಡಾಕ್ಟರ ಕಡೆ ಹೋಗಬೇಕಾಗಿತ್ತು" ಎಂದ. "ನೋಡೂಣಂತ" ಎಂದೆ. ನಮ್ಮ ಕಡೆ ಈ ಮಾತಿಗೆ ನೋಡುವುದಿಲ್ಲ ಎಂದೇ ಅರ್ಥ.

ಯಾಕೆ ನೋಡುತ್ತಿರಲಿಲ್ಲ? ಇದೇ ನಾನು ಹೇಳಲು ಕುಳಿತ ಮಾತು. ಅಕ್ಕನಿಗೆ ಕೇಳದೆ ಇರುವುದು ನನಗೆ ಒಗ್ಗಿಹೋಗಿತ್ತು. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಆಕೆಯ ಮುಂದೆಯೇ ಗೊಣಗಬಹುದಿತ್ತು. ಕಳೆದ ವರ್ಷ ಗಿರಣಿಯನ್ನು ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಜಾಗಕ್ಕೆ ಒಯ್ಯಬೇಕು, ಅಲ್ಲಿ ನಾವು ಗಂಡ ಹೆಂಡತಿ ನಡೆಸಬೇಕು, ಅಕ್ಕ ಮನೆಯಲ್ಲಿರಲಿ ಎಂದು ನಾನೂ ಮಹಾದೇವಿಯೂ ನಿರ್ಧಾರ ಮಾಡಿದೆವು. ಮಾಡಿದ್ದು ಇದೇ ಕೋಣೆಯಲ್ಲಿ, ಅಕ್ಕ ಇದೇ ಬಾಗಿಲಲ್ಲಿ ಕುಳಿತಿದ್ದಾಗ. ಆಕೆಗೆ ಗೊತ್ತಾದದ್ದು ಬೀಸಲು ಬಂದ ಹೆಂಗಸರಿಂದ. ಕೈಯ ಹಿಟ್ಟು ಒರೆಸಿಕೊಳ್ಳದೆ ಹೊರಗೆ ಬಂದು, "ನನಗ ಒಂದು ಮಾತು ಹೇಳಬಾರದಾ, ತಮ್ಮಾ?" ಎಂದಳು. ಗಿರಾಕಿಗಳು ನೋಡುತ್ತಿದ್ದರು. ನಾನು, "ನಿನ್ನ ಮುಂದನ ಮಾತಾಡೇವಲ್ಲ ಅಕ್ಕಾ" ಎಂದೆ. ಆಕೆ ನನ್ನ ಬಾಯಿಯನ್ನು ನೋಡಿದಳು, ಒಳಗೆ ಹೋದಳು. ನಾನು ತಕ್ಕಡಿಗೆ ಕಲ್ಲು ಹಾಕಿದೆ. ಹೊಸ ಜಾಗದ ಕೆಲಸ ಇನ್ನೂ ನಡೆದೇ ಇತ್ತು. ಮುಗಿದರೆ ಅಕ್ಕನಿಗೆ ಗಿರಣಿಯೂ ಇಲ್ಲ, ಮಾತೂ ಇಲ್ಲ.

ರಿಸೀವರ್ ಬಂದ ಮೇಲೆ ಒಂದಿಷ್ಟು ದಿನ ದನಿ ಏರಿಸುತ್ತ ಹೋದೆ. ನಡುವಿನ ಸ್ಪೀಕರನ್ನು ಮಾತ್ರ ಏರಿಸುವ ಉಪಾಯ ಕಲಿತೆ. ಪಕ್ಕದ ಮನೆಯ ಕಾಶವ್ವ ಗೋಡೆಯ ಮೇಲಿಂದ ಇಣುಕಿ, "ನಿಮ್ಮ ಟಿವಿಯಾಗಿನ ಸೊಸಿ ಅತ್ತರ ನಮ್ಮ ಮನ್ಯಾಗ ಕೂಸು ಏಳತೈತಿ" ಎಂದು ಹೇಳಿಹೋದಳು. ಅಕ್ಕನನ್ನು ಹೇಗಿದೆ ಎಂದು ಕೇಳಿದೆ. "ಛಲೋ ಐತಿ. ಎದಿಗಿ ಬಡೀತೈತಿ" ಎಂದಳು. ಮಾತು ಕೇಳುತ್ತದೆಯೇ ಎಂದರೆ, "ಸುದ್ದಿ ಓದಾಕಿದು ತಿಳೀತೈತಿ, ಆಕಿ ಮಾರಿ ಎದುರಿಗಿ ಇರತೈತಿ. ಈ ಹಿಂದಿಯಿಂದ ಕನ್ನಡ ಮಾಡಿದ್ದು ತಿಳಿಯಂಗಿಲ್ಲ, ಬಾಯಿ ಒಂದು ಅಂತೈತಿ, ಮಾತು ಒಂದು ಇರತೈತಿ" ಎಂದಳು. ನನ್ನ ಕಡೆ ತಿರುಗಿ, "ನಿನ್ನ ಮಾತೂ ತಿಳೀತಿತ್ತು" ಎಂದಳು.

"ಯಾವ ಮಾತು?"

"ಗಿರಣಿ ಬ್ಯಾರೆ ಕಡೆ ಒಯ್ಯೂ ಮಾತು. ನಿಮ್ಮದು ಪೂರ್ತಿ ತಿಳೀಲಿಲ್ಲ. ಆದ್ರ ನೀ ಮಾರಿ ಆ ಕಡೆ ತಿರುವಿಕೊಂಡಿದ್ದಿ. ಅದರಮ್ಯಾಲ ತಿಳೀತು, ಮಾತು ನನ್ನದ ಐತಿ ಅಂತ."

ಅಷ್ಟು ಹೇಳಿ ಟಿವಿಯ ಕಡೆ ತಿರುಗಿದಳು. ನಾನು ರಿಮೋಟ್ ಹಿಡಿದುಕೊಂಡು ಕುಳಿತೆ. ಅದರ ಮೇಲೆ ಇಷ್ಟೊಂದು ಬಟನ್ ಇವೆ, ಆ ಹೊತ್ತಿಗೆ ಒತ್ತುವಂಥದ್ದು ಒಂದೂ ಇರಲಿಲ್ಲ.

ಮುಂದಿನ ವಾರ ಅಕ್ಕನನ್ನು ಕರೆದುಕೊಂಡು ವಿಜಯಪುರದ ಬಸ್ಸು ಹತ್ತಿದೆ. ಕಿವಿಯ ಡಾಕ್ಟರು ಆಕೆಯನ್ನು ಗಾಜಿನ ಕೋಣೆಯಲ್ಲಿ ಕೂಡ್ರಿಸಿ ಪರೀಕ್ಷೆ ಮಾಡಿಸಿದರು. ದಪ್ಪ ದನಿ ಉಳಿದಿದೆ, ಸಣ್ಣ ದನಿ ಹೋಗಿದೆ, ಮಾತು ತಿಳಿಯಬೇಕಾದರೆ ಸಣ್ಣ ದನಿಯೇ ಬೇಕು ಎಂದರು. ವರ್ಷಗಟ್ಟಲೆ ಗದ್ದಲದಲ್ಲಿ ದುಡಿದವರಿಗೆ ಹೀಗಾಗುತ್ತದೆ ಎಂದೂ, ನನ್ನ ಕಿವಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು ಎಂದೂ ಹೇಳಿದರು. ಅವರ ಬಾಯಿಯನ್ನೇ ನೋಡುತ್ತಿದ್ದ ಅಕ್ಕ, "ಇವಂದು ಬ್ಯಾಡ್ರಿ. ಇವ ಮೊದಲಿಂದ ಹೊರಗ ಇರತಾನ್ರಿ. ಇವನ ಕಿವಿ ಛಲೋ ಅದಾವ" ಎಂದಳು. ಚುಚ್ಚಲು ಹೇಳಿದ್ದಲ್ಲ. ಡಾಕ್ಟರಿಗೆ ಮಾಹಿತಿ ಕೊಟ್ಟಳು ಅಷ್ಟೆ. ಚುಚ್ಚಲು ಹೇಳಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಈಗ ಅಕ್ಕನ ಎರಡೂ ಕಿವಿಗೆ ಶೇಂಗಾಬೀಜದಷ್ಟು ಮಷೀನು ಬಂದಿದೆ. ಮೊದಲ ದಿನ ಬಳೆಯ ಸಪ್ಪಳಕ್ಕೇ ಬೆಚ್ಚಿ ಎರಡು ಸಲ ಬಾಗಿಲು ನೋಡಿಬಂದಳು. ಟಿವಿಯ ದನಿ ಇಳಿಸು ಎನ್ನುತ್ತಾಳೆ. ಹೊಸ ಜಾಗದ ಮಾತನ್ನು ಅಕ್ಕನ ಎದುರಿಗೆ ಕುಳಿತು ಮತ್ತೆ ಮೊದಲಿನಿಂದ ಆಡಿದೆವು. ಅಲ್ಲಿ ಹೆಂಗಸರಿಗೆ ನೆರಳಿನಲ್ಲಿ ಕೂಡ್ರಲು ಕಟ್ಟೆ ಇಲ್ಲ, ಯಾರು ಬರುತ್ತಾರೆ ಎಂದು ಕೇಳಿದಳು. ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ಕಟ್ಟೆ ಕಟ್ಟಿಸುತ್ತಿದ್ದೇನೆ. ಹೊರಗೆ ತಕ್ಕಡಿಗೆ ತಾನು, ಒಳಗೆ ಕಿವಿಗೆ ಹತ್ತಿ ಇಟ್ಟುಕೊಂಡು ನಾನು ಎಂದು ಅಕ್ಕನೇ ತೀರ್ಮಾನ ಮಾಡಿದ್ದಾಳೆ.

ಒಂದು ಮಾತು ಮಾತ್ರ ಬಾಕಿ ಇತ್ತು. ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿ ಬಿಟ್ಟು ಹೇಳುವ ರೂಢಿ ಇಲ್ಲ, ಅದಕ್ಕೆ ಗಿರಣಿಯಲ್ಲಿ ಸನ್ನೆಯೂ ಇಲ್ಲ. ಮೊನ್ನೆ ಸಂಜೆ ಅಕ್ಕ ಬಾಗಿಲಲ್ಲಿ ಕುಳಿತಿದ್ದಳು. ರಿಸೀವರ್ ಬಂದ್ ಮಾಡಿ, ಕುರ್ಚಿ ತಿರುಗಿಸಿ, ಆಕೆಯ ಎದುರಿಗೆ ಕುಳಿತು, "ಅಕ್ಕಾ, ನಿನಗ ಕೇಳೂದಿಲ್ಲಂತ ಗೊತ್ತಿದ್ದೂ ನಿನ್ನ ಮುಂದ ಮಾತಾಡಿದೆ. ನಂದು ತಪ್ಪಾತು" ಎಂದೆ.

ಅಕ್ಕ ಮಷೀನು ಮುಟ್ಟಿಕೊಂಡಳು. "ಇನ್ನೊಮ್ಮಿ ಹೇಳು" ಎಂದಳು.

ಸ್ವಲ್ಪ ಗಟ್ಟಿಯಾಗಿ ಹೇಳಿದೆ. ಮಹಾದೇವಿ ಸೌಟು ಹಿಡಿದುಕೊಂಡು ಒಲೆ ಬಿಟ್ಟು ಬಂದಳು.

"ಇನ್ನೊಮ್ಮಿ."

ಗಿರಣಿಯಲ್ಲಿ ಕೂಗಿದ ಹಾಗೆ ಹೇಳಿದೆ. ಗೋಡೆಯ ಮೇಲೆ ಕಾಶವ್ವನ ತಲೆ ಕಾಣಿಸಿತು. ಈ ಮಷೀನನ್ನು ಒಯ್ದು ಡಾಕ್ಟರಿಗೆ ತೋರಿಸಬೇಕು ಎಂದುಕೊಂಡು, "ಈಗರ ಕೇಳಿಸಿತಾ?" ಎಂದೆ.

"ಮೊದಲನೇ ಸಲಕ್ಕನ ಕೇಳಿತ್ತು" ಎಂದಳು ಅಕ್ಕ.

"ಮತ್ತ ಯಾಕ ಹೇಳಿಸಿದಿ?"

"ಉಳದವರಿಗೂ ಕೇಳಲಿ ಅಂತ."