ಕ್ಯಾಶುವಲ್ಟಿಗೆ ನೇರ ದಾರಿ

ವಿಜಯಪುರ ಜಿಲ್ಲೆಯಿಂದ ಬಂದ ಶಿವಪುತ್ರ ಮುಂಬೈಯ ಭಾಂಡುಪಿನ ಖಾಸಗಿ ಆಸ್ಪತ್ರೆಯೊಂದರ ಕ್ಯಾಶುವಲ್ಟಿಯಲ್ಲಿ ಹತ್ತೊಂಬತ್ತು ವರ್ಷ ಸ್ಟ್ರೆಚರ್ ಎಳೆದ. ಗುತ್ತಿಗೆ ನೌಕರಿ. ಆಂಬುಲೆನ್ಸ್ ನಿಲ್ಲುವಲ್ಲಿಂದ ಡಾಕ್ಟರರ ತನಕ ಮೂರು ಮೆಟ್ಟಿಲು, ಎರಡು ತಿರುವು. ಎರಡನೇ ತಿರುವಿನಲ್ಲಿ ಸ್ಟ್ರೆಚರ್ ಹೊರಳುತ್ತಲೇ ಇರಲಿಲ್ಲ. ನಾಲ್ಕು ಜನ ಸೇರಿ ಎತ್ತಿ ತಿರುಗಿಸಬೇಕಿತ್ತು. ಒಮ್ಮೆ ಹಾಗೆ ಎತ್ತಿ ಹಿಡಿದಿದ್ದಾಗಲೇ ಬಸುರಿಯೊಬ್ಬಳು ಅವನ ತೋಳು ಹಿಡಿದುಕೊಂಡು ಪ್ರಾಣ ಬಿಟ್ಟಳು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡವನು ಅವನೇ.

ಕ್ಯಾಶುವಲ್ಟಿಯನ್ನು ಹೊಸದಾಗಿ ಮಾಡಿಸುವುದೆಂದು ಆದಾಗ ಆರ್ಕಿಟೆಕ್ಟ್ ವೈಶಾಲಿ ಟೇಪು ಹಿಡಿದು ಬಂದಳು. ಬೆಳಗಾವಿಯವಳು. ದೊಡ್ಡ ಡಾಕ್ಟರರನ್ನೆಲ್ಲ ಮಾತಾಡಿಸಿ ಮುಗಿಸಿ, ಕೊನೆಗೆ ಶಿವಪುತ್ರನ ಹತ್ತಿರ ನಿಂತಳು.

“ಕಾಕಾ, ನಿಮಗ ಎಲ್ಲಿ ತ್ರಾಸ ಆಗತದ?”

ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

“ಈ ಚೀಟಿ ಮಾಡಸೋ ಕೇಸ್‌ಪೇಪರ್ ಖೋಲಿ ಗ್ವಾಡಿ ಕೆಡವ್ರಿ ಬಾಯಾರ, ತಿರುವ ಹೋಗತದ. ಮೆಟ್ಲ ತಗದು ಇಳಿಜಾರ ಮಾಡ್ರಿ. ಸಿಸ್ಟರ್ ಕುಂತಲ್ಲಿಂದನ ಎಲ್ಲಾ ಕಾಟ್ ಕಾಣ್ಬೇಕು ನೋಡ್ರಿ.”

ಒಂದು ವಾರ ಅವಳು ಅವನ ಹಿಂದೆಯೇ ಓಡಾಡಿ, ಸೆಕೆಂಡುಗಳನ್ನು ಬರೆದುಕೊಂಡಳು.

ಎಂಟು ತಿಂಗಳಿಗೆ ಕ್ಯಾಶುವಲ್ಟಿ ಅವನು ಹೇಳಿದಂತೆಯೇ ಎದ್ದು ನಿಂತಿತು. ಉದ್ಘಾಟನೆಯ ದಿನ ಅತಿಥಿಗಳಿಗೆ ತೋರಿಸಲೆಂದು ಮ್ಯಾನೇಜರ್ ಸಂದೀಪ ಶಿವಪುತ್ರನನ್ನೇ ರೋಗಿಯಂತೆ ಮಲಗಿಸಿದ. ಇಬ್ಬರೇ ಎಳೆದರು. ಬಾಗಿಲಿಂದ ಡಾಕ್ಟರರ ತನಕ ಇಪ್ಪತ್ತೆರಡು ಸೆಕೆಂಡು. ಚಪ್ಪಾಳೆ ಬಿತ್ತು. ಆ ಬಸುರಿ ಇವತ್ತು ಬಂದಿದ್ದರೆ ಉಳಿಯುತ್ತಿದ್ದಳು ಅನ್ನಿಸಿ ಮಲಗಿದ್ದವನ ಕಣ್ಣು ತುಂಬಿತು.

ಸಂಜೆ ಸಂದೀಪ ಅವನನ್ನೂ ಜೊತೆಗಾರ ಧನರಾಜನನ್ನೂ ಆಫೀಸಿಗೆ ಕರೆಸಿದ. ನಾಲ್ವರ ಕೆಲಸ ಈಗ ಇಬ್ಬರಿಂದ ಆಗುತ್ತದೆ, ವಯಸ್ಸಾದವರಿಬ್ಬರೂ ನಾಳೆಯಿಂದ ಬರುವುದು ಬೇಡ ಎಂದ. “ಐಡಿಯಾ ನಿಂದೇ ಅಲ್ವಾ?” ಎಂದು ಹಿಂದಿಯಲ್ಲಿ ಕೇಳಿ ನಕ್ಕ. ಯೂನಿಫಾರ್ಮಿನ ಅಂಗಿ ಅಲ್ಲೇ ಬಿಚ್ಚಿಡಲು ಹೇಳಿದ. ವೈಶಾಲಿ ಅದೇ ಕೋಣೆಯಲ್ಲಿದ್ದಳು. ಶಿವಪುತ್ರ ಅವಳ ಮುಖ ನೋಡಿದ. ಅವಳು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದಳು.

ಗೇಟಿನಾಚೆ, ಬನಿಯನ್ನಿನಲ್ಲೇ ನಿಂತು ಧನರಾಜ್ ಕೂಗಾಡಿದ.

“ಯಾರ್ ಹೇಳು ಅಂದಿದ್ರೋ ನಿನಗ? ನಿನ್ನ ಜೋಡಿ ನನ್ನೂ ಮುಳಗಿಸಿದಿ!”

“ಆ ಹೆಣ್ಮಗಳು ಸತ್ತದ್ದು ನೀನೂ ನೋಡೀಯಲ್ಲೋ.”

“ಸಾಯವ್ರು ಸಾಯ್ತಾರ. ನನ್ನ ಮಕ್ಕಳು ಏನ್ ತಿನಬೇಕು?”

ಆಂಬುಲೆನ್ಸ್ ಡ್ರೈವರುಗಳೆಲ್ಲ ನೋಡುತ್ತಿರುವಂತೆಯೇ ಧನರಾಜ್ ಅವನ ಕೆನ್ನೆಗೆ ಬಾರಿಸಿದ. ಶಿವಪುತ್ರ ಕೈ ಎತ್ತಲಿಲ್ಲ. ಹೊಡೆದದ್ದು ತಪ್ಪು ಅಂತಲೂ ಅವನಿಗೆ ಅನ್ನಿಸಲಿಲ್ಲ.

ಈಗ ಅವನು ಘಾಟ್ಕೋಪರಿನ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ವಾಚ್‌ಮನ್. ಮೊನ್ನೆ ಕಮಿಟಿಯವರು ಬಂದು, ಗಾಲಿಕುರ್ಚಿ ಲಿಫ್ಟಿನ ತನಕ ಹೋಗಲು ದಾರಿ ಎಲ್ಲಿಂದ ಮಾಡಿಸಬೇಕು, ನೀನು ದಿನಾ ನೋಡುತ್ತೀಯಲ್ಲ, ಹೇಳು ಅಂದರು. ಯಾವ ಮೆಟ್ಟಿಲು ಒಡೆಯಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಮಾಲೂಮ್ ನಹೀ, ಸಾಬ್,” ಗೊತ್ತಿಲ್ಲ ಅಂದುಬಿಟ್ಟ.

ಮೂರನೇ ಮಹಡಿಯ ಮುದುಕಿಯೊಬ್ಬಳು ಗಾಲಿಕುರ್ಚಿಯಲ್ಲಿ ಕೂತು, ತನ್ನನ್ನು ಯಾರಾದರೂ ಎತ್ತಿಯಾರೆಂದು ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು.