ಕಾಡಿಗೆ ಮೀಸೆಯ ಮದುಮಗ

ಕಳೆದ ವಾರ ಹೈದರಾಬಾದಿನ ಅಬಿಡ್ಸ್‌ನ ಒಂದು ಪತ್ರಿಕೆ ಅಂಗಡಿಯಲ್ಲಿ, ಅಂಗಡಿಯವನು ಚಿಲ್ಲರೆಗೆಂದು ಪಕ್ಕಕ್ಕೆ ಹೋದ ಸಮಯ ನೋಡಿ, ನಾನು ಒಂದು ಮ್ಯಾಗಜೀನಿನ ಅಷ್ಟೂ ಪ್ರತಿಗಳನ್ನು ಎತ್ತಿ ಅಡುಗೆ ಪುಸ್ತಕಗಳ ಹಿಂದೆ ಬಚ್ಚಿಟ್ಟೆ.

ಅರವತ್ತಕ್ಕೆ ಹತ್ತಿರವಾದ ಹೆಂಗಸು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಸುಲ್ತಾನ್ ಬಜಾರಿನಿಂದ ತಂದ ಲೇಸಿನ ಚೀಲ. ಮಾಡುವ ಕೆಲಸವೇ ಇದು? ಅಲ್ಲ. ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ತಪ್ಪು ಆ ಮುಖಪುಟದ್ದು. ಗೊಂಬೆ ಸಂಗ್ರಹಿಸುವವರಿಗೆಂದೇ ಬರುವ ಇಂಗ್ಲಿಷ್ ಮಾಸಪತ್ರಿಕೆ ಅದು. ಈ ತಿಂಗಳ ಮುಖಪುಟದ ತುಂಬ ಒಬ್ಬ ಗೊಂಬೆ ಮದುಮಗ. ತಲೆಗೆ ಕರ್ಚೀಫಿನ ರುಮಾಲು. ಹಣೆಗೆ ಬಿಸ್ಕತ್ತು ಪ್ಯಾಕೆಟ್ಟಿನ ಬೇಗಡೆಯಲ್ಲಿ ಕತ್ತರಿಸಿದ ಬಾಸಿಂಗ. ಮೂಗಿನ ಕೆಳಗೆ ಕಾಡಿಗೆಯಲ್ಲಿ ಬರೆದ ಸೊಟ್ಟ ಮೀಸೆ. ಚಿತ್ರದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ: ಸುಮಿತ್ರಾಬಾಯಿ, ಹೈದರಾಬಾದ್.

ನಮ್ಮ ಸುಮಿತ್ರಾಬಾಯಿ! ಉಪ್ಪಲ್‌ನ ಸುಮಿತ್ರಾಬಾಯಿ!

ಒಳಗೆ ತೆರೆದು ನೋಡಿದೆ. ನಾಲ್ಕು ಪುಟ. ಒಂದಲ್ಲ, ಎರಡಲ್ಲ, ನಾಲ್ಕು. ಓದುವ ಮನಸ್ಸಾಗಲಿಲ್ಲ, ಪುಟ ಎಣಿಸಿ ಮುಚ್ಚಿದೆ. ಒಂದು ಪ್ರತಿ ಮಾತ್ರ ಕೈಯಲ್ಲಿ ಉಳಿಸಿಕೊಂಡೆ. ಅಂಗಡಿಯವನು ವಾಪಸ್ ಬಂದು ದುಡ್ಡು ತೆಗೆದುಕೊಳ್ಳುತ್ತ, ಮುಖಪುಟವನ್ನು ಮೆಚ್ಚುಗೆಯಿಂದ ನೋಡಿ, ಅಡಿಯಲ್ಲಿದ್ದ ಹೆಸರಿನ ಮೇಲೆ ಬೆರಳಿಟ್ಟು, "ಈಮೆ ಮೀಕು ತೆಲುಸಾ ಅಮ್ಮಾ?" ಎಂದು ಕೇಳಿದ. ಈಕೆ ನಿಮಗೆ ಗೊತ್ತೇನಮ್ಮ ಅಂತ.

"ತೆಲೀದು" ಅಂದೆ. ಗೊತ್ತಿಲ್ಲ. ಇಪ್ಪತ್ತು ವರ್ಷದ ಗೆಳೆತನ ಒಂದೇ ಮಾತಿನಲ್ಲಿ ಮುಗಿಯಿತು.

ನನ್ನ ಗೊಂಬೆ ಹುಚ್ಚು ಈ ಅಂಕಣದ ಓದುಗರಿಗೆ ಹೊಸದಲ್ಲ. ಮನೆಯ ಹಾಲ್‌ನಲ್ಲಿ ಮೂರು ಗಾಜಿನ ಕಪಾಟು ನಿಂತಿವೆ. ಕಿನ್ನಾಳದ ಗೌರಿ ಇದ್ದಾಳೆ, ಕೊಂಡಪಲ್ಲಿಯ ಅಂಬಾರಿ ಇದೆ, ಮಲಗಿಸಿದರೆ ಕಣ್ಣು ಮುಚ್ಚುವ ಹಳೆಯ ಪ್ಲಾಸ್ಟಿಕ್ ಮಗು ಇದೆ. ಒಂದೊಂದಕ್ಕೂ ನಾನೇ ಹೊಲಿದ ಸೀರೆ, ರವಿಕೆ, ಲಂಗ. ನನ್ನ ಯಜಮಾನರು ಸರ್ಕಾರಿ ಫ್ಯಾಕ್ಟರಿಯಿಂದ ರಿಟೈರ್ ಆದ ದಿನ ಸೋಫಾದಲ್ಲಿ ಕೂತು ಸುತ್ತಲೂ ಕಣ್ಣಾಡಿಸಿ, "ಇನ್ನ ಈ ಮನ್ಯಾಗ ಬಾಯಿ ತೆಗೆಯೂ ಗೊಂಬಿ ನೀ ಒಬ್ಬಾಕಿನ" ಅಂದಿದ್ದರು. ಇರಲಿ ಬಿಡಿ.

ಆ ಮ್ಯಾಗಜೀನಿಗೆ ನಾನು ಹಳೆಯ ಗಿರಾಕಿ. ಮೊದಲೆಲ್ಲ ಎಂಥ ಪತ್ರಿಕೆ ಅದು! ಸಡಿಲವಾದ ತೋಳಿಗೆ ಒಳಗಿನಿಂದ ಎಲಾಸ್ಟಿಕ್ ಕಟ್ಟುವುದು ಹೇಗೆ, ಕೆನ್ನೆಗೆ ತಾಗಿದ ಇಂಕನ್ನು ತೆಗೆಯುವುದು ಹೇಗೆ, ಗಂಟು ಬಿದ್ದ ಕೂದಲನ್ನು ಬಿಡಿಸುವುದು ಹೇಗೆ ಎಂದೆಲ್ಲ ಬರೆಯುತ್ತಿದ್ದರು. ಮಧ್ಯದ ಪುಟದಲ್ಲಿ ಬಟ್ಟೆಯ ಪ್ಯಾಟರ್ನ್ ಇರುತ್ತಿತ್ತು. ಕತ್ತರಿಸಿ, ಬಟ್ಟೆಯ ಮೇಲಿಟ್ಟು, ಹೊಲಿದರಾಯಿತು.

ಈಗ? ಲೇಖನ ಯಾವುದು, ಜಾಹೀರಾತು ಯಾವುದು ಅಂತ ಕನ್ನಡಕ ಹಾಕಿಕೊಂಡು ಹುಡುಕಬೇಕು. 'ಲಿಮಿಟೆಡ್ ಎಡಿಷನ್', 'ಸರ್ಟಿಫಿಕೇಟ್ ಸಮೇತ', 'ಇಂದೇ ಬುಕ್ ಮಾಡಿ'. ಜಪಾನಿನ ಗೊಂಬೆಗಳ ಚರಿತ್ರೆ ಅಂತ ಆಸೆಯಿಂದ ಓದುತ್ತ ಹೋದರೆ ಕೊನೆಯ ಸಾಲಿನಲ್ಲಿ ಅಂಗಡಿಯ ವಿಳಾಸ. ಹೋದ ವರ್ಷ ಒಂದು ಪ್ಯಾಟರ್ನ್ ಕೊಟ್ಟಿದ್ದರು. ರವಿಕೆಯ ಮುಂಭಾಗ ಮಾತ್ರ. ಹಿಂಭಾಗ ಬೇಕೆಂದರೆ ಅವರ ಕಿಟ್ ಕೊಳ್ಳಬೇಕಂತೆ! ಬೆನ್ನಿಲ್ಲದ ರವಿಕೆಯನ್ನು ನನ್ನ ಗೊಂಬೆಗೆ ಹೇಗೆ ತೊಡಿಸಲಿ? (ಸಿನಿಮಾದವರು ತೊಡುತ್ತಾರೆ ಎಂದು ಯಜಮಾನರು ಹೇಳಿದರು. ಅವರನ್ನು ಯಾರೂ ಕೇಳಿರಲಿಲ್ಲ.)

ಕೊನೆಯ ಪುಟಗಳಲ್ಲಿ ರೇಟುಗಳು. ಯಾವ ಗೊಂಬೆಗೆ ಈಗ ಎಷ್ಟು ಬೆಲೆ, ಬಾಕ್ಸ್ ಇದ್ದರೆ ಎಷ್ಟು, ಬಾಕ್ಸ್ ತೆರೆಯದೆ ಇದ್ದರೆ ಎಷ್ಟು. ಮಾರ್ಕೆಟ್ ಯಾರ್ಡಿನಲ್ಲಿ ತೊಗರಿಯ ಧಾರಣೆ ಬರೆದ ಹಾಗೆ.

ಈ ಪತ್ರಿಕೆಗೆ ನಾನು ನನ್ನ ಕಪಾಟುಗಳ ಫೋಟೊ ಎಷ್ಟು ಸಲ ಕಳಿಸಿದ್ದೇನೋ ಲೆಕ್ಕವಿಲ್ಲ. ಕಡೆಗೊಮ್ಮೆ ಫೋನ್ ಬಂತು. ಒಬ್ಬ ಹುಡುಗ, ಬೆಣ್ಣೆಯಂಥ ದನಿ. "ನಿಮ್ಮ ಕಲೆಕ್ಷನ್ ಅದ್ಭುತ ಮೇಡಂ" ಅಂದ. ನನ್ನ ಕಣ್ಣಲ್ಲಿ ನೀರೇ ಬಂತು. ಆಮೇಲೆ ಪ್ಯಾಕೇಜುಗಳ ಹೆಸರು ಹೇಳತೊಡಗಿದ. ಸಿಲ್ವರ್‌ಗೆ ಒಂದು ಪುಟ, ಗೋಲ್ಡ್‌ಗೆ ಎರಡು, ಪ್ಲಾಟಿನಂಗೆ ನಾಲ್ಕು ಪುಟ ಮತ್ತು ಫೋಟೊಗ್ರಾಫರ್. ಕಣ್ಣೀರು ಅಲ್ಲೇ ಒಣಗಿತು. ದುಡ್ಡು ಕೊಟ್ಟು ಹೊಗಳಿಸಿಕೊಳ್ಳುವ ಜಾಯಮಾನ ನನ್ನದಲ್ಲಪ್ಪ ಅಂತ ಫೋನಿಟ್ಟೆ.

ಅಂದಿನಿಂದ ಅದೇ ನನ್ನ ಹೆಮ್ಮೆ. ಯಾರಾದರೂ 'ನಿಮ್ಮ ಗೊಂಬೆಗಳು ಪತ್ರಿಕೆಯಲ್ಲಿ ಬರಬೇಕಿತ್ತು' ಅಂದರೆ ಸಾಕು, ನನ್ನ ಭಾಷಣ ಶುರು. ಅಲ್ಲಿ ಎಲ್ಲವೂ ಮಾರಾಟಕ್ಕಿದೆ, ನಾನು ಕೊಳ್ಳಲಿಲ್ಲ, ಅದಕ್ಕೇ ಬರಲಿಲ್ಲ. ಹೇಳಿಕೊಳ್ಳಲು ಎಷ್ಟು ಹಿತವಾಗಿತ್ತು ಗೊತ್ತೆ!

ಈಗ ಸುಮಿತ್ರಾಬಾಯಿಗೆ ನಾಲ್ಕು ಪುಟ. ಹಾಗಾದರೆ ಪ್ಲಾಟಿನಂ. ಲೆಕ್ಕ ಸರಿಹೋಯಿತು.

ಸುಮಿತ್ರಾಬಾಯಿ ರಾಯಚೂರು ಕಡೆಯವಳು. ಅವಳ ಯಜಮಾನರೂ ನಮ್ಮವರೂ ಒಂದೇ ಫ್ಯಾಕ್ಟರಿಯಲ್ಲಿದ್ದವರು. ಅವಳ ಹತ್ತಿರ ಇರುವುದು ಏಳೆಂಟು ಗೊಂಬೆ. ಅದರಲ್ಲೊಂದಕ್ಕೆ ಕಾಲಿಲ್ಲ. ಯಾವುದು ಎಲ್ಲಿ ತಯಾರಾದದ್ದು ಎಂದು ಕೇಳಿದರೆ "ಅಂಗಡ್ಯಾಗ್ರಿ" ಅನ್ನುತ್ತಾಳೆ. ಇಂಥವಳು ಮುಖಪುಟದಲ್ಲಿ! ನಾನು ಕಪಾಟಿನ ಧೂಳು ಒರೆಸುತ್ತ ಕೂರಬೇಕು!

"ದುಡ್ಡು ಕೊಟ್ಟಾಳ್ರಿ, ಬರಿ ದುಡ್ಡು" ಅಂತ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಯಜಮಾನರಿಗೆ ಹೇಳಿದೆ.

ಅವರು ಪುಟ ತಿರುವಿ ನೋಡಿದರು. "ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ" ಅಂದರು. ಆಮೇಲೆ ಮುಖಪುಟ ನೋಡಿ ನಕ್ಕರು. "ಮೀಸಿ ಮಾತ್ರ ಭಾಳ ಛಲೋ ಐತಿ ನೋಡು."

ಆ ದಿನ ಅವರಿಗೆ ನಾನು ಎರಡನೇ ಸಲ ಚಹಾ ಕೊಡಲಿಲ್ಲ.

ಮರುದಿನ ಡಬ್ಬಿ ತುಂಬ ಚಕ್ಕುಲಿ ಕಟ್ಟಿಕೊಂಡು, ಅಮೀರ್‌ಪೇಟೆಯಲ್ಲಿ ಮೆಟ್ರೊ ಹತ್ತಿ ಉಪ್ಪಲ್‌ಗೆ ಹೋದೆ. ಅಭಿನಂದನೆ ಹೇಳುವುದಕ್ಕೆ ಅಂತ ನೀವು ಅಂದುಕೊಂಡಿದ್ದರೆ ನಿಮಗೆ ನಾನು ಇನ್ನೂ ಗೊತ್ತಿಲ್ಲ. ಅವಳ ಬಾಯಿಂದಲೇ ಆ ಪ್ಲಾಟಿನಂ ಶಬ್ದ ಹೊರಡಿಸಬೇಕಿತ್ತು.

"ಬರ್ರಿ ಬರ್ರಿ ಅಕ್ಕಾರ!" ಸುಮಿತ್ರಾಬಾಯಿ ಬಾಗಿಲಿಗೇ ಬಂದಳು. "ಫೋನ್ ಮಾಡಿ ಬಂದಿದ್ರ ಏನರ ಬಿಸಿ ಮಾಡಿಡತಿದ್ದೆ."

ನೀರು ಕುಡಿದು, ಸೆರಗು ಸರಿಮಾಡಿಕೊಂಡು ಶುರು ಮಾಡಿದೆ. "ಪುಸ್ತಕ ನೋಡಿದೆ. ಛಲೋ ಬಂದೈತಿ. ಖರ್ಚು ಭಾಳ ಆಗಿರಬೇಕಲ್ರಿ?"

"ಆತ್ರಿ ಮತ್ತ. ಹೋಳಗಿಗೆ ಬ್ಯಾಳಿ, ಬೆಲ್ಲ, ಹುಡುಗ್ಯಾರಿಗೆ ಬಳಿ."

"ಅದಲ್ರಿ. ಪತ್ರಿಕಿಯವರಿಗೆ?"

"ಅವರಿಗೇನ್ರಿ ಖರ್ಚು? ಒಬ್ಬಾಕಿ ಹುಡುಗಿ. ಎರಡು ಹೋಳಗಿ ತಿಂದ್ಲು. ತುಪ್ಪಾ ಬ್ಯಾಡಂದ್ಲು."

ನಡೆದದ್ದು ಇಷ್ಟು. ಪ್ರತಿ ಬೇಸಿಗೆಯಲ್ಲಿ ಸುಮಿತ್ರಾಬಾಯಿಯ ಅಪಾರ್ಟ್‌ಮೆಂಟಿನ ಹುಡುಗಿಯರೆಲ್ಲ ಸೇರಿ ಗೊಂಬೆ ಮದುವೆ ಮಾಡುತ್ತಾರೆ. ತೆಲುಗಿನವರು, ಹಿಂದಿಯವರು, ನಮ್ಮವರು, ಎಲ್ಲರೂ. ಊರಲ್ಲಿ ತಾನು ಚಿಕ್ಕವಳಿದ್ದಾಗ ಮಾಡುತ್ತಿದ್ದ ಲಗ್ನವನ್ನು ಇವಳು ಅವರಿಗೆ ಕಲಿಸಿದ್ದಾಳೆ. ಅರಿಸಿನ, ಅಕ್ಷತೆ, ಬೀಗರ ಊಟ ಏನೂ ಬಿಡುವಂತಿಲ್ಲ. ಈ ಸಲ ಮೆಟ್ಟಿಲಿನ ಮೇಲೆ ಲಗ್ನ ನಡೆದಿದ್ದಾಗ, ಮೇಲಿನ ಮನೆಯ ಅಕ್ಕನನ್ನು ನೋಡಲು ಬಂದ ಒಬ್ಬ ಹುಡುಗಿಗೆ ದಾಟಿ ಹೋಗಲು ಜಾಗ ಸಿಗಲಿಲ್ಲ. ಮಕ್ಕಳು ಅವಳ ಕೈಗೂ ಅಕ್ಷತೆ ಕೊಟ್ಟು ಕೂರಿಸಿದರು. ಅವಳು ಆ ಪತ್ರಿಕೆಗೆ ಬರೆಯುವವಳು.

"ಫೋಟೊ ತಗೀಲೇನ್ರಿ ಆಂಟಿ ಅಂದ್ಲು. ತಗಿಯವಾ, ಅದಕ್ಕೇನು ಅಂದೆ."

"ಅಷ್ಟ?"

"ಅಷ್ಟರಿ." ಸುಮಿತ್ರಾಬಾಯಿ ಚಕ್ಕುಲಿ ಮುರಿದಳು. "ಹಾಂ, ಆಮ್ಯಾಲ ಅವರ ನನಗೊಂದು ಚೆಕ್ ಕಳಿಸಿದ್ರು. ಹುಡುಗ್ಯಾರಿಗೆಲ್ಲ ಐಸ್‌ಕ್ರೀಮ್ ಕೊಡಿಸಿದೆ."

ಕೇಳಿದಿರಾ? ದುಡ್ಡು ಕೇಳುವ ಪತ್ರಿಕೆ ದುಡ್ಡು ಕೊಟ್ಟಿದೆ! ಅದೂ ಯಾರಿಗೆ!

ಅವಳು ಅಷ್ಟಕ್ಕೇ ಬಿಡಲಿಲ್ಲ. "ಎಲ್ಲಾ ನಿಮ್ಮಿಂದನ ಆತು ನೋಡ್ರಿ" ಅಂದಳು, ಒಂದಿಷ್ಟೂ ಕೊಂಕಿಲ್ಲದೆ. "ನೀವು ವರಾ ಕೊಟ್ಟಿದ್ರ ಆ ಮೀಸಿ ಎಲ್ಲಿ ಬರತಿತ್ತು?"

ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದಾಯಿತು.

ನಿಮಗೆ ಗೊತ್ತಿರಲಿಕ್ಕಿಲ್ಲ, ಗೊಂಬೆಗಳ ಲೋಕದಲ್ಲಿ ವರಗಳ ಬರ. ಅಂಗಡಿಗೆ ಹೋಗಿ ನೋಡಿ, ಎಲ್ಲ ಹೆಣ್ಣೇ. ನನ್ನ ಹತ್ತಿರ ಒಬ್ಬನಿದ್ದಾನೆ. ಮೈದುನ ದುಬೈಯಿಂದ ತಂದವನು. ಕೋಟು, ಟೈ, ಪಾಲಿಶ್ ಮಾಡಿದ ಬೂಟು. ಲಗ್ನಕ್ಕೆ ಮುಂಚೆ ಸುಮಿತ್ರಾಬಾಯಿ ಫೋನ್ ಮಾಡಿ, "ನಿಮ್ಮ ಹುಡುಗನ್ನ ಒಂದು ದಿನಕ್ಕ ಕೊಡತೀರೇನ್ರಿ?" ಎಂದು ಕೇಳಿದ್ದಳು. ಆಗೋದಿಲ್ಲ, ಅವನ ಬಾಕ್ಸ್ ಇನ್ನೂ ತೆರೆದಿಲ್ಲ ಅಂದಿದ್ದೆ.

ಯಾಕೆ ತೆರೆದಿಲ್ಲ? ಬಾಕ್ಸ್ ತೆರೆದರೆ ಬೆಲೆ ಬಿದ್ದುಹೋಗುತ್ತದೆ. ಯಾರು ಹೇಳಿದರು? ಅದೇ ಮ್ಯಾಗಜೀನು, ಅದೇ ಕೊನೆಯ ಪುಟ. ನಾನೇನು ಅವನನ್ನು ಮಾರುವವಳೇ? ಸತ್ತರೂ ಇಲ್ಲ. ಆದರೂ ತೆರೆದಿರಲಿಲ್ಲ. ಬೈದುಕೊಳ್ಳುತ್ತಲೇ ಅವರು ಹೇಳಿದಂತೆ ನಡೆದುಕೊಂಡಿದ್ದೆ. ಅಲ್ಲಿ ಹುಡುಗಿಯರು ಕಾಯಲಿಲ್ಲ. ಸಿಕ್ಕ ಒಂದು ಹೆಣ್ಣು ಗೊಂಬೆಗೇ ರುಮಾಲು ಸುತ್ತಿ, ಕಾಡಿಗೆಯಲ್ಲಿ ಮೀಸೆ ಬರೆದು ಹಸೆಮಣೆಯ ಮೇಲೆ ಕೂರಿಸಿದರು.

ವಾಪಸ್ ಬರುವಾಗ ಮೆಟ್ರೊದಲ್ಲಿ ಸೀಟು ಸಿಕ್ಕಿತು, ಸಮಾಧಾನ ಸಿಗಲಿಲ್ಲ. ಅವಳು ದುಡ್ಡು ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! 'ಕಾಲ ಕೆಟ್ಟಿತು' ಅಂತ ಒಂದು ಉಸಿರು ಬಿಟ್ಟು ಆರಾಮಾಗಿ ಮನೆಗೆ ಬರುತ್ತಿದ್ದೆ. ಆ ಪತ್ರಿಕೆ ಕೆಟ್ಟದ್ದಾಗಿದ್ದಷ್ಟು ಕಾಲ ನಾನು ಒಳ್ಳೆಯವಳಾಗಿದ್ದೆ. ಅದು ಒಂದೇ ಒಂದು ತಿಂಗಳು ಒಳ್ಳೆಯ ಕೆಲಸ ಮಾಡಿತು ನೋಡಿ, ನಾನು ಬರೀ ಹೊಟ್ಟೆಕಿಚ್ಚಿನ ಹೆಂಗಸಾಗಿ ಉಳಿದೆ.

ಹೌದು, ಹೊಟ್ಟೆಕಿಚ್ಚು. ಬೇರೆ ಹೆಸರು ಯಾಕೆ? ಕಮರ್ಷಿಯಲ್ ಆಗಿಬಿಟ್ಟಿದೆ, ಕಲೆಗೆ ಬೆಲೆಯಿಲ್ಲ ಅಂತ ನಾನು ಮಾಡಿದ ಭಾಷಣಗಳಲ್ಲಿ ಅರ್ಧ ನಿಜ. ಉಳಿದರ್ಧ ಆ ಮುಖಪುಟದಲ್ಲಿ ನನ್ನ ಹೆಸರು ಇಲ್ಲವಲ್ಲ ಎಂಬ ಸಂಕಟ. ನಿಮ್ಮಲ್ಲಿ ಎಷ್ಟು ಜನ, ಪಕ್ಕದ ಮನೆಯ ಹುಡುಗನಿಗೆ ಕೆಲಸ ಸಿಕ್ಕ ಕೂಡಲೇ 'ಇನ್‌ಫ್ಲುಯೆನ್ಸ್ ಇತ್ತು ಬಿಡಿ' ಅಂದಿಲ್ಲ, ಎದೆ ಮುಟ್ಟಿ ಹೇಳಿ. ಅವನು ಚೆನ್ನಾಗಿ ಓದಿದ್ದ ಅಂತ ಗೊತ್ತಾದರೆ ಎಷ್ಟು ನಿರಾಸೆ ಆಗುತ್ತದೆ!

ಮನೆಗೆ ಬಂದೆ. ಯಜಮಾನರು ಮಾರ್ಕೆಟ್ಟಿಗೆ ಹೋಗಿದ್ದರು. ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತೆ. ನನ್ನ ಗೊಂಬೆಗಳೆಲ್ಲ ಎಷ್ಟು ಚಂದ ನಿಂತಿದ್ದವು. ಇವುಗಳನ್ನು ಯಾರು ನೋಡಿದ್ದಾರೆ? ನಾನು, ಅವರು, ಹಬ್ಬಕ್ಕೆ ಬರುವ ನಾಲ್ಕು ಜನ. ದುಃಖ ಒತ್ತಿಕೊಂಡು ಬಂತು, ಅದರ ಹಿಂದೆಯೇ ಹಟ.

ಮ್ಯಾಗಜೀನಿನ ಒಳಪುಟದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಅದೇ ಬೆಣ್ಣೆ ದನಿಯ ಹುಡುಗ. ಹೆಸರು ಹೇಳಿದೆ, ನೆನಪಿರಲಿಲ್ಲ. ಪರವಾಗಿಲ್ಲ. ಸಿಲ್ವರ್, ಗೋಲ್ಡ್, ಪ್ಲಾಟಿನಂ, ರಾಗವಾಗಿ ಒಪ್ಪಿಸತೊಡಗಿದ.

"ಅದೆಲ್ಲ ಬೇಡಪ್ಪ" ಎಂದು ತಡೆದೆ. ಇಷ್ಟು ವರ್ಷದ ಹೆಮ್ಮೆಯನ್ನು ನುಂಗಿಕೊಂಡು ಕೇಳಿಯೇಬಿಟ್ಟೆ. "ಮುಖಪುಟಕ್ಕೆ ಎಷ್ಟು?"

ಅವನು ಬಹಳ ಗಂಭೀರವಾಗಿ, ಸ್ವಲ್ಪ ಬೇಸರದಿಂದಲೇ ಹೇಳಿದ: "ಸಾರಿ ಮೇಡಂ, ಮುಖಪುಟವನ್ನು ನಾವು ಮಾರುವುದಿಲ್ಲ."

ರವಿಕೆಯ ಬೆನ್ನನ್ನೂ ಬಿಡದೆ ಮಾರಿಕೊಂಡವರಿಗೆ ನನ್ನ ಸರದಿ ಬಂದಾಗಲೇ ಈ ನಿಯತ್ತು ಎಲ್ಲಿಂದ ಬಂತು, ನೀವೇ ಹೇಳಿ?