ಕಿಟಕಿಯಕ್ಕನ ತೋಳಿನ ಮೇಲಿದ್ದ ಸೀಟುಗಳು

ಊರವರಿಗೆಲ್ಲ ಕಿಟಕಿ ಹಂಚುತ್ತಿದ್ದ ಹೆಂಗಸೊಬ್ಬಳಿದ್ದಳು. ವಿಮಾನ ನಿಲ್ದಾಣದ ಮೂರನೇ ಕೌಂಟರಿನಲ್ಲಿ ಕೂತು ಪ್ರಯಾಣಿಕರಿಗೆ ಸೀಟು ಕೊಡುವುದು ಅವಳ ಕೆಲಸ. ಇಪ್ಪತ್ತೇಳು ವರ್ಷದಿಂದ ಅದೇ ಕೌಂಟರು, ಅದೇ ಕಿರುಗುಟ್ಟುವ ಕುರ್ಚಿ. ಬಂದವರೆಲ್ಲ ಕಿಟಕಿ ಪಕ್ಕದ ಸೀಟು ಬೇಕೆಂದೇ ಬಾಯಿ ತೆರೆಯುತ್ತಿದ್ದುದರಿಂದ ಜೊತೆಯವರು ಅವಳಿಗೆ ಕಿಟಕಿಯಕ್ಕ ಎಂದು ಹೆಸರಿಟ್ಟಿದ್ದರು. ಆದರೆ ಕಿಟಕಿಯಕ್ಕ ಒಂದು ದಿನವೂ ವಿಮಾನ ಹತ್ತಿದವಳಲ್ಲ. ಲೋಕಕ್ಕೆಲ್ಲ ರಜೆ ಬಂದಾಗಲೇ ಅವಳಿಗೆ ಮೈಮುರಿಯುವ ಕೆಲಸ. ಅದೂ ಸಾಲದೆಂದು ಯಾರದೋ ಮಗುವಿಗೆ ಜ್ವರ, ಇನ್ಯಾರದೋ ತಂಗಿಗೆ ಮದುವೆ, ಅವರೆಲ್ಲರ ಪಾಳಿಯೂ ಇವಳ ತಲೆಗೇ. ಬೇಡ ಅನ್ನಲು ನಾಲಿಗೆ ಹೊರಳಬೇಕಲ್ಲ!

ಅವಳ ಗಂಡ ಗಡಿಯಾರ ರಿಪೇರಿಯವನು. ಮಾತು ಕಡಿಮೆ, ಕಣ್ಣು ಚುರುಕು. ಮದುವೆಯಾದಂದಿನಿಂದ ಸಮುದ್ರವನ್ನು ಮೇಲಿನಿಂದ ನೋಡಬೇಕೆಂಬ ಆಸೆ ಇಬ್ಬರಿಗೂ. ಈ ವರ್ಷ ಅವನೇ ಅಂಗಡಿಗೆ ಬೀಗ ಜಡಿದು, ಹತ್ತು ದಿನ ರಜೆಯೆಂದು ಬೋರ್ಡು ತೂಗುಹಾಕಿ ಬಂದು ಹೇಳಿದ: "ಈ ಸಲವೂ ತಪ್ಪಿಸಿದ್ರೆ ನೀನು ನಿನ್ನ ಕೌಂಟರನ್ನೇ ಕಟ್ಕೊಂಡು ಬಾಳು. ನಾನಿನ್ನು ಪೆಟ್ಟಿಗೆ ಕಟ್ಟೋನಲ್ಲ."

ಹೀಗೆ ರಜೆಯ ಮೊದಲ ದಿನ ಬೆಳಿಗ್ಗೆ ಕಿಟಕಿಯಕ್ಕ ತನ್ನದೇ ನಿಲ್ದಾಣಕ್ಕೆ ಪ್ರಯಾಣಿಕಳಾಗಿ ಬಂದಳು. ಹೊಸ ಚಪ್ಪಲಿ, ಕೈಯಲ್ಲಿ ಟಿಕೆಟ್ಟು. ಕೌಂಟರಿನ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟಿದ್ದಳು. ಒಳಗೆ ಕಾಲಿಟ್ಟರೆ ಜಾತ್ರೆಯನ್ನೂ ಮೀರಿದ ಜನ. ಕಂಪನಿಯ ಕಂಪ್ಯೂಟರುಗಳೆಲ್ಲ ಒಟ್ಟಿಗೇ ಕಣ್ಣು ಮುಚ್ಚಿದ್ದವು. ಪೆಟ್ಟಿಗೆಗಳ ಮೇಲೆ ಅಜ್ಜಿಯಂದಿರು, ಅಜ್ಜಿಯಂದಿರ ಮೇಲೆ ಮೊಮ್ಮಕ್ಕಳು. ಒಬ್ಬ ಪೋರ ಸಮುದ್ರ ಬರುವ ಮೊದಲೇ ಈಜುವ ರಬ್ಬರು ಬಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದ.

ಅವಳನ್ನು ಕಂಡ ಮೇಲ್ವಿಚಾರಕ ಮುಳುಗುವವನಿಗೆ ಮರದ ದಿಮ್ಮಿ ಸಿಕ್ಕಂತೆ ಓಡಿಬಂದ. ಬೇರೆ ವಿಮಾನಗಳೆಲ್ಲ ರದ್ದಾಗಿವೆ, ನೀನು ಹೋಗಬೇಕಾದದ್ದೂ ರದ್ದಾಗುವುದರಲ್ಲಿದೆ ಎಂದು ಗೋಳಾಡಿ, ಕೊನೆಗೆ ದನಿ ತಗ್ಗಿಸಿದ: "ಅಕ್ಕಾ, ಆ ನಿನ್ನ ಹಾಳೆ ಇನ್ನೂ ಇದೆಯಾ?"

ಹಾಳೆ ಎಂದರೆ, ಕಂಪ್ಯೂಟರು ಬರುವ ಮುಂಚಿನ ಕಾಲದ್ದು. ಉದ್ದನೆಯ ಕಾಗದದ ಮೇಲೆ ಇಡೀ ವಿಮಾನದ ಚಿತ್ರ, ಒಂದೊಂದು ಸೀಟಿಗೂ ಒಂದೊಂದು ಅಂಟುಚೀಟಿ. ಕಿತ್ತು ಪ್ರಯಾಣಿಕನ ಬೋರ್ಡಿಂಗ್ ಕಾರ್ಡಿಗೆ ಅಂಟಿಸಿದರೆ ಆಯಿತು. ಕಿತ್ತ ಸೀಟು ಮತ್ತೊಬ್ಬರಿಗೆ ಹೋಗುವಂತಿಲ್ಲ. ಅವಳಿಗೆ ಕೆಲಸ ಕಲಿಸಿದ ಮುದಿ ಗುಮಾಸ್ತ ಇನ್ನೊಂದು ಗುಟ್ಟನ್ನೂ ಹೇಳಿಕೊಟ್ಟಿದ್ದ. ಕಿಟಕಿ ಚೀಟಿಗಳನ್ನು ಮೊದಲೇ ಕಿತ್ತು ಎಡತೋಳಿಗೆ ಸಾಲಾಗಿ ಅಂಟಿಸಿಕೋ. ಮರ್ಯಾದೆಯಿಂದ ಕೇಳಿದವರಿಗೆ ಕೊಡು. ಗದರಿದವರನ್ನು ಅತ್ತೆಮನೆಗೆ ಕಳಿಸು. ಅತ್ತೆಮನೆಯೆಂದರೆ ಕಟ್ಟಕಡೆಯ ಸಾಲು. ಬೆನ್ನಿಗೆ ಶೌಚಾಲಯ, ಹಿಂದಕ್ಕೆ ಬಾಗದ ಕುರ್ಚಿ, ಕಿಟಕಿ ಇರಬೇಕಾದ ಕಡೆ ಬರೀ ಗೋಡೆ.

ಹೊಸ ವಿಮಾನ ಬಂದಾಗಲೆಲ್ಲ ಅದರ ಸಾಲು ಎಣಿಸಿ ಅವಳು ಹೊಸ ಹಾಳೆ ಮಾಡಿ ಕೌಂಟರಿನ ಡ್ರಾಯರಿನಲ್ಲಿ ಇಡುತ್ತಿದ್ದಳು. ಫ್ರಿಜ್ಜು ತಂದಮೇಲೂ ಮಡಕೆ ತೊಳೆಯುವವಳು ಎಂದು ಜೊತೆಯವರು ನಗುತ್ತಿದ್ದರು. ಈಗ ಅವರೆಲ್ಲ ಅವಳ ಬಾಯನ್ನೇ ನೋಡುತ್ತ ನಿಂತಿದ್ದರು. ಅವಳು ಗಂಡನ ಮುಖ ನೋಡಿದಳು. ಅವನು ಕೈಗಡಿಯಾರ ನೋಡಿದ.

"ನಮ್ಮಿಬ್ಬರ ಸೀಟು ಮೊದಲು ತೆಗೆದಿಟ್ಕೊ," ಎಂದಷ್ಟೇ ಹೇಳಿ ಕಂಬದ ಪಕ್ಕ ಪೆಟ್ಟಿಗೆಯ ಮೇಲೆ ಕೂತ.

ತೆಗೆದಿಟ್ಟುಕೊಂಡಳು ಕೂಡ. ರೆಕ್ಕೆಯ ಮುಂದಿನ ಎರಡು ಚಂದದ ಕಿಟಕಿಗಳನ್ನು ಕಿತ್ತು ಮೊಣಕೈ ಹತ್ತಿರ ಅಂಟಿಸಿಕೊಂಡು ಕೆಲಸಕ್ಕಿಳಿದಳು. ಇಳಿದಮೇಲೆ ಕೇಳಬೇಕೆ? ತಲೆ ಬಗ್ಗಿತು, ಕೈ ಓಡಿತು. ಹೆಸರು ಬರೆ, ಚೀಟಿ ಅಂಟಿಸು, ಮುಂದಿನವರು ಬನ್ನಿ. ಜಗಳವಾಡುತ್ತ ಬಂದ ಗಂಡಹೆಂಡಿರನ್ನು ಹನ್ನೆರಡು ಸಾಲು ದೂರ ಕೂರಿಸಿದಳು. ಇಬ್ಬರೂ ಕೈಮುಗಿದು ಹೋದರು. ಮೊಬೈಲಿನಿಂದ ಕಣ್ಣೆತ್ತದೆ, "ಏ ಹೆಂಗಸೇ, ನಾನು ಯಾರು ಗೊತ್ತಾ?" ಎಂದು ಗುಡುಗಿದವನೊಬ್ಬನಿಗೆ ಅವಳೂ ತಲೆಯೆತ್ತದೆ ಅತ್ತೆಮನೆಯ ನಟ್ಟನಡುವಿನ ಸೀಟು ಅಂಟಿಸಿದಳು. ಈಜುಬಳೆಯ ಪೋರ ಮೆಲ್ಲಗೆ ಕಿಟಕಿ ಕೇಳಿದ. ತೋಳಿನಿಂದ ಒಂದು ಕಿತ್ತು ಕೊಟ್ಟಳು. ಸಾಯುವ ಮೊದಲು ಮೋಡ ನೋಡಬೇಕಮ್ಮಾ ಎಂದಿತು ಒಂದು ಅಜ್ಜಿ, ಇನ್ನೊಂದು ಕಿತ್ತಳು. ತೋಳಿನ ಮೇಲಿದ್ದದ್ದೆಲ್ಲ ಕೇಳಿದವರಿಗೆ ಎಂಬುದು ಕೈಗೆ ಇಪ್ಪತ್ತೇಳು ವರ್ಷದಿಂದ ಗೊತ್ತು.

ಎರಡು ಗಂಟೆಯ ಮೇಲೆ ಮುಂದಿನವರು ಬನ್ನಿ ಎಂದರೆ ಯಾರೂ ಬರಲಿಲ್ಲ. ಹಾಳೆ ಬೋಳಾಗಿತ್ತು. ತೋಳು ನೋಡಿಕೊಂಡಳು. ಅದೂ ಬೋಳು. ಕಂಬದ ಕಡೆ ನೋಡಿದರೆ ಗಂಡನೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿದ್ದ ಜೊತೆಯವರು ಯಾಕಕ್ಕಾ ಅಳುತ್ತೀ ಎಂದು ಕೇಳಿದರೆ, ಬೋಳು ತೋಳನ್ನು ಚಾಚಿ ತೋರಿಸಿದಳು.

ಅಷ್ಟರಲ್ಲಿ ಬೆನ್ನ ಹಿಂದಿನಿಂದ ಯಾರೋ ಎರಡು ಕಾರ್ಡು ಚಾಚಿದರು. ನೋಡಿದರೆ ಗಂಡ. ಕಾರ್ಡಿನ ಮೇಲೆ ಅವನ ಹೆಸರು, ಅವಳ ಹೆಸರು, ಎರಡೂ ಅವಳದೇ ದುಂಡನೆಯ ಅಕ್ಷರದಲ್ಲಿ.

"ಎರಡನೇ ಕಿಟಕಿಯೂ ಹಾರಿದ್ದು ನೋಡ್ದೆ. ಹೋಗಿ ಸಾಲಲ್ಲಿ ನಿಂತ್ಕೊಂಡೆ," ಎಂದ. "ಬೇಗ ಕೊಡಮ್ಮ, ಹೆಂಡ್ತಿ ಕಾಯ್ತಿದ್ದಾಳೆ ಅಂತ ಸ್ವಲ್ಪ ಗದರ್ದೆ. ನೀನು ತಲೇನೇ ಎತ್ಲಿಲ್ಲ."

ಕಿಟಕಿಯಕ್ಕ ಸೀಟಿನ ಸಂಖ್ಯೆ ಓದಿದಳು. ಮತ್ತೊಮ್ಮೆ ಓದಿದಳು. "ಅಯ್ಯೋ ಪುಣ್ಯಾತ್ಮ, ಗದರೋಕೆ ಯಾರು ಹೇಳಿದ್ರು ನಿಮಗೆ!"

ವಿಮಾನ ಏರಿತು. ಮುಂದೆಲ್ಲೋ ಪೋರನೂ ಅಜ್ಜಿಯೂ ಸಮುದ್ರ ನೋಡಿ ಕೂಗುತ್ತಿದ್ದರು. ಅತ್ತೆಮನೆಯಲ್ಲಿ ಕಿಟಕಿಯಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಳು; ನಡುವೆ ಮೊಬೈಲಿನ ದೊಡ್ಡ ಮನುಷ್ಯ; ಆಚೆ ತುದಿಗೆ ಗಂಡ. ನಡುವಿನವನು ಮೊಣಕಾಲು ಮಡಚಲಾಗದೆ ಒದ್ದಾಡಿ, ಈ ಸೀಟು ಹಂಚಿದ ಮಾರಿ ಯಾವಳು ಎಂದು ಗಂಡನನ್ನೇ ಕೇಳಿದ.

"ಯಾವಳೋ ಏನೋ ಸ್ವಾಮಿ," ಎಂದ ಗಡಿಯಾರದವನು, ಕಣ್ಣು ಮುಚ್ಚಿಕೊಂಡು. "ಅವಳ ಗಂಡನ್ನ ನೆನೆಸ್ಕೊಂಡ್ರೆ ಅಯ್ಯೋ ಅನ್ಸುತ್ತೆ."

ಗೋಡೆಯ ಕಡೆಯ ಸೀಟಿನಲ್ಲಿದ್ದ ಹೆಂಗಸಿನ ಭುಜ ಕುಲುಕುತ್ತಿತ್ತು. ನಡುವಿನವನು, ಪಾಪ, ಮೊದಲ ಸಲ ವಿಮಾನ ಹತ್ತಿ ಹೆದರಿ ಅಳುತ್ತಿದ್ದಾಳೆಂದು ತಿಳಿದು, ನೀರಿನ ಬಾಟಲಿ ಕೊಟ್ಟ.